ಬಾಗಿಲ ಹಿಡಿಕೆ ತಣ್ಣಗಿಲ್ಲ

ಬೆಳಗಿನ ಜಾವ ಬಾಗಿಲಿನ ಸ್ಟೀಲ್ ಹಿಡಿಕೆಗೆ ಕೈ ಹಾಕಿದರೆ ಕೊರೆಯುತ್ತದೆ. ಅಲ್ಲಿಂದ ಒಂದು ಗೇಣು ಆಚೆ ಅದೇ ಬಾಗಿಲಿನ ಮರ ಮುಟ್ಟಿದರೆ ಏನೂ ಅನ್ನಿಸುವುದಿಲ್ಲ. ರಾತ್ರಿಯಿಡೀ ಎರಡೂ ಒಂದೇ ಗಾಳಿಯಲ್ಲಿ ನಿಂತಿದ್ದವು. ಸರಿಯಾಗಿ ಅಳೆದರೆ ಎರಡೂ 20 ಡಿಗ್ರಿ. ಲೋಹ ಉಷ್ಣವಾಹಕ, ಮರ ಅಲ್ಲ ಎಂದು ಶಾಲೆಯಲ್ಲೇ ಓದಿರುತ್ತೇವೆ. ಹಾಗೆ ಬರೆದು ಪೂರ್ತಿ ಅಂಕ ತೆಗೆದವರೂ ಮರುದಿನ ಹಿಡಿಕೆ ಮುಟ್ಟಿ "ಎಷ್ಟು ತಣ್ಣಗಿದೆ" ಎನ್ನುತ್ತಾರೆ. ತಲೆಗೆ ಗೊತ್ತಿದ್ದದ್ದು ಬೆರಳಿಗೆ ಇಳಿದಿರುವುದಿಲ್ಲ. ಈ ಅಂತರ ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ, ಯಾಕೆಂದರೆ ಈ ತಪ್ಪು ಬೆರಳಿಗೇ ಮುಗಿಯುವುದಿಲ್ಲ. ಕಂಪ್ಯೂಟರ್ ಚಿಪ್‌ನ ಶಾಖ ಹೊರಹಾಕುವ ಲೋಹದ ತುಂಡನ್ನು, ಅಂದರೆ ಹೀಟ್ ಸಿಂಕನ್ನು, ಕೂರಿಸುವವರು, ತಣ್ಣೀರಿನ ಪೈಪಿಗೆ ಹೊದಿಕೆ ಸುತ್ತುವವರು, ಉಪಕರಣ ಹಿಡಿದು ತಾಪಮಾನ ಅಳೆಯುವವರು ಎಡವುವುದೂ ಇಲ್ಲೇ. ವಸ್ತುವಿನ ತಾಪಮಾನ ಓದುತ್ತಿದ್ದೇವೆ ಅಂದುಕೊಂಡಿರುತ್ತೇವೆ, ನಿಜಕ್ಕೂ ಓದುವುದು ವಸ್ತುವಿಗೂ ಅದನ್ನು ಮುಟ್ಟಿದ್ದಕ್ಕೂ ನಡುವೆ ನಡೆದ ಶಾಖದ ಕೊಡುಕೊಳ್ಳುವಿಕೆಯನ್ನು.

ನಮ್ಮ ಮಾತೂ ಇಲ್ಲಿ ನೆರವಿಗೆ ಬರುವುದಿಲ್ಲ. "ಬಿಸಿ" ಎಂಬ ಒಂದೇ ಪದದಲ್ಲಿ ಎಲ್ಲ ಮುಗಿಸುತ್ತೇವೆ. ಪಠ್ಯಪುಸ್ತಕಕ್ಕೆ ಹೋದರೆ ಉಷ್ಣ ಎಂದರೆ ಒಂದು, ಉಷ್ಣತೆ ಎಂದರೆ ಇನ್ನೊಂದು. ನಡುವೆ ಇರುವುದು ಒಂದು "ತೆ" ಮಾತ್ರ. ಪತ್ರಿಕೆಯ ಹವಾಮಾನದ ಮೂಲೆಯಲ್ಲಿ ಅದೇ "ಉಷ್ಣಾಂಶ" ಆಗುತ್ತದೆ. ಇಲ್ಲಿ ನಾನು ಎರಡೇ ಪದ ಇಟ್ಟುಕೊಳ್ಳುತ್ತೇನೆ. ತಾಪಮಾನ ಎಂದರೆ ಡಿಗ್ರಿಯಲ್ಲಿ ಹೇಳುವುದು, ಶಾಖ ಎಂದರೆ ಜೂಲ್‌ನಲ್ಲಿ ಲೆಕ್ಕ ಹಾಕುವುದು. ಎರಡೂ ಬೇರೆ ಎಂದು ಮೊದಲು ಖಚಿತವಾಗಿ ಬಿಡಿಸಿ ತೋರಿಸಿದವನು 18ನೇ ಶತಮಾನದ ಜೋಸೆಫ್ ಬ್ಲ್ಯಾಕ್. ಅವನ ಸಾಕ್ಷಿ ಕರಗುವ ಮಂಜುಗಡ್ಡೆ: ಶಾಖವನ್ನು ಕುಡಿಯುತ್ತಲೇ ಇರುತ್ತದೆ, ತಾಪಮಾನ ಮಾತ್ರ ಸೊನ್ನೆಯಲ್ಲೇ ನಿಂತಿರುತ್ತದೆ.

ಎರಡು ಹಲಗೆ, ಎರಡು ಐಸ್ ತುಂಡು

ಬೆರಳಿಗೂ ತಲೆಗೂ ಇರುವ ಈ ಜಗಳವನ್ನು ಕಣ್ಣೆದುರು ಇಡುವ ಪ್ರಯೋಗ ಒಂದಿದೆ. ನಾನು ನೋಡಿದ ಭೌತಶಾಸ್ತ್ರದ ಪ್ರಯೋಗಗಳಲ್ಲಿ ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ಕಲಿಸುವುದು ಇನ್ನೊಂದಿಲ್ಲ. 15 ಸೆಂಟಿಮೀಟರ್ ಚೌಕದ, 1 ಸೆಂಟಿಮೀಟರ್ ದಪ್ಪದ ಅಲ್ಯೂಮಿನಿಯಂ ಹಲಗೆ ಒಂದು, ಅದೇ ಅಳತೆಯ ಮರದ ಹಲಗೆ ಒಂದು. ಎರಡನ್ನೂ ಒಂದೇ ಮೇಜಿನ ಮೇಲೆ ಬಿಸಿಲು ಬೀಳದ ಕಡೆ ಎರಡು ಗಂಟೆ ಬಿಡಬೇಕು. ಆಮೇಲೆ ನೋಡುವವರಿಗೆ ಎರಡನ್ನೂ ಮುಟ್ಟಿಸಿ, ಯಾವುದರ ಮೇಲೆ ಐಸ್ ಬೇಗ ಕರಗುತ್ತದೆ ಎಂದು ಕೇಳಬೇಕು. ಹೆಚ್ಚಿನವರು ಮರವನ್ನೇ ತೋರಿಸುತ್ತಾರೆ. ಅದು ಬೆಚ್ಚಗಿದೆಯಲ್ಲ! ಈಗ 20 ಗ್ರಾಂನ ಒಂದೊಂದು ಐಸ್ ತುಂಡು ಇಡಿ. ಅಲ್ಯೂಮಿನಿಯಂ ಮೇಲಿನದು ಇಟ್ಟ ಕ್ಷಣವೇ ಜಾರತೊಡಗುತ್ತದೆ, ಬುಡದಿಂದ ನೀರು ಹರಡುತ್ತದೆ, ಕಣ್ಣೆದುರೇ ಕುಗ್ಗಿ ಕೆಲವೇ ನಿಮಿಷದಲ್ಲಿ ಇಲ್ಲವಾಗುತ್ತದೆ. ಮರದ ಮೇಲಿನದು ಅರ್ಧ ಗಂಟೆ ಕಳೆದರೂ ಕೂತಿರುತ್ತದೆ. ಅದರ ಮೂಲೆಗಳು ದುಂಡಗಾಗಿರುತ್ತವೆ, ಅಷ್ಟೆ. ಆ ಹೊತ್ತಿಗೆ ಮುಖಗಳನ್ನು ನೋಡಬೇಕು. ಮತ್ತೆ ಮತ್ತೆ ಹಲಗೆ ಮುಟ್ಟಿ ನೋಡುತ್ತಾರೆ. "ತಣ್ಣಗಿರುವ" ಹಲಗೆ ಐಸನ್ನು ಕರಗಿಸಿತು, "ಬೆಚ್ಚಗಿರುವ" ಹಲಗೆ ಕಾಪಾಡಿತು.

ಲೆಕ್ಕ ಸರಳ. 20 ಗ್ರಾಂ ಐಸ್ ಕರಗಲು ಗ್ರಾಂಗೆ 334 ಜೂಲ್‌ನಂತೆ ಸುಮಾರು 6,700 ಜೂಲ್ ಬೇಕು. ಆ ಅಲ್ಯೂಮಿನಿಯಂ ಹಲಗೆ ಸುಮಾರು 600 ಗ್ರಾಂ ತೂಗುತ್ತದೆ, ಒಂದು ಡಿಗ್ರಿ ಇಳಿದರೆ 550 ಜೂಲ್ ಬಿಟ್ಟುಕೊಡುತ್ತದೆ. ಅಂದರೆ ಇಡೀ ಹಲಗೆ 12 ಡಿಗ್ರಿ ತಣ್ಣಗಾದರೆ ಐಸಿನ ಪಾಲು ಮುಗಿಯಿತು. ಕೋಣೆ 25 ಡಿಗ್ರಿಯಲ್ಲಿದ್ದರೆ ಹಲಗೆ ಕೊನೆಗೆ 13ಕ್ಕೆ ಬಂದು ನಿಲ್ಲುತ್ತದೆ. ಮರದ ಒಳಗೂ ಶಾಖ ಇದೆ, ಆದರೆ ಐಸಿನ ಬುಡಕ್ಕೆ ಬಂದು ತಲುಪುವ ದಾರಿ ಇಲ್ಲ. ತಾಗಿದ ಒಂದು ಪದರ ತಣ್ಣಗಾದ ಮೇಲೆ ಆ ಪದರವೇ ಐಸಿಗೆ ಹೊದಿಕೆ.

ಪ್ರಯೋಗ ಕೈಕೊಡುವ ಬಗೆಗಳೂ ಪಾಠವೇ. 1 ಮಿಲಿಮೀಟರ್ ದಪ್ಪದ ಹಾಳೆ ತಂದರೆ ಕೆಲಸ ಕೆಡುತ್ತದೆ: ಆ ತೂಕದಲ್ಲಿ ಇರುವ ಶಾಖ ಐಸಿನ ಐದನೇ ಒಂದು ಭಾಗ ಕರಗಿಸುವಷ್ಟು ಮಾತ್ರ, ಆಮೇಲೆ ಗಾಳಿಯಿಂದ ಎರವಲು ತರಬೇಕು. ವಾಹಕತೆ ಇದ್ದರೆ ಸಾಲದು, ದಾಸ್ತಾನೂ ಇರಬೇಕು. ಫ್ರೀಜರ್‌ನಿಂದ ತೆಗೆದ ತಕ್ಷಣ ಇಟ್ಟರೆ ಮೊದಲಿನ ಒಂದಿಷ್ಟು ಶಾಖ ತುಂಡು ಸೊನ್ನೆ ಡಿಗ್ರಿಗೆ ಏರುವುದರಲ್ಲೇ ಹೋಗುತ್ತದೆ. ಮೇಲ್ಮೈ ತೇವವಾಗುವವರೆಗೆ ಐದು ನಿಮಿಷ ಕಾಯುವುದು ಒಳ್ಳೆಯದು. ಕರಗಿದ ನೀರು ಬುಡದಲ್ಲೇ ನಿಂತರೆ ಅದೇ ತಡೆಯಾಗುತ್ತದೆ, ಆದ್ದರಿಂದ ಹಲಗೆಯನ್ನು ಕೂದಲೆಳೆಯಷ್ಟು ವಾಲಿಸಿ, ಐಸ್ ಜಾರದಂತೆ ಸುತ್ತ ಒಂದು ರಬ್ಬರ್ ಬಳೆ ಇಡಬೇಕು.

ಕೈ ಓದುವುದು ಏನನ್ನು?

ಎರಡು ವಸ್ತುಗಳು ತಾಗಿದ ಕ್ಷಣದಲ್ಲಿ ಅವುಗಳ ನಡುವಿನ ಮೇಲ್ಮೈ ಒಂದು ತಾಪಮಾನಕ್ಕೆ ಬಂದು ನಿಲ್ಲುತ್ತದೆ. ಅದು ನೇರ ಸರಾಸರಿ ಅಲ್ಲ, ಹಗ್ಗ ಜಗ್ಗಾಟ. ಯಾರ ಬಲ ಹೆಚ್ಚೋ ಮೇಲ್ಮೈ ಅವರ ಕಡೆಗೆ ವಾಲುತ್ತದೆ. ಆ ಬಲಕ್ಕೆ ಎಫ್ಯೂಸಿವಿಟಿ ಎಂದು ಹೆಸರು. ಉಷ್ಣವಾಹಕತೆ, ಸಾಂದ್ರತೆ, ವಿಶಿಷ್ಟ ಉಷ್ಣ (ಒಂದು ಕಿಲೋ ವಸ್ತುವನ್ನು ಒಂದು ಡಿಗ್ರಿ ಏರಿಸಲು ಬೇಕಾದ ಶಾಖ) ಮೂರನ್ನೂ ಗುಣಿಸಿ ವರ್ಗಮೂಲ ತೆಗೆದರೆ ಸಿಗುವ ಸಂಖ್ಯೆ. ತಾಮ್ರಕ್ಕೆ ಸುಮಾರು 37,000, ಸ್ಟೇನ್‌ಲೆಸ್ ಸ್ಟೀಲಿಗೆ 7,700, ಗಾಜಿಗೆ 1,400, ಚರ್ಮಕ್ಕೆ 1,200ರ ಆಸುಪಾಸು, ಮರಕ್ಕೆ 400, ಥರ್ಮೊಕೋಲ್‌ಗೆ 30–40.

ಚರ್ಮ 33 ಡಿಗ್ರಿ, ವಸ್ತು 20 ಡಿಗ್ರಿ ಎಂದು ಇಟ್ಟುಕೊಂಡರೆ ತಾಗಿದ ಜಾಗ ಎಲ್ಲಿ ನಿಲ್ಲುತ್ತದೆ ಎಂದು ಲೆಕ್ಕ ಹಾಕಬಹುದು. ತಾಮ್ರ ಮುಟ್ಟಿದರೆ 20.4. ಕೈ ಪೂರ್ತಿ ಸೋತಿತು. ಸ್ಟೇನ್‌ಲೆಸ್ ಸ್ಟೀಲ್ ಮುಟ್ಟಿದರೆ 21.8. ಗಾಜು ಮುಟ್ಟಿದರೆ 26, ಅಲ್ಲಿ ಇಬ್ಬರೂ ಹೆಚ್ಚುಕಡಿಮೆ ಸಮಬಲರು. ಮರ ಮುಟ್ಟಿದರೆ 29.8. ಥರ್ಮೊಕೋಲ್ ಮುಟ್ಟಿದರೆ 32ರ ಮೇಲೆ, ಅಂದರೆ ಕೈ ತನ್ನನ್ನೇ ಮುಟ್ಟಿಕೊಂಡ ಹಾಗೆ. ತಾಮ್ರಕ್ಕೂ ಸ್ಟೀಲಿಗೂ ವಾಹಕತೆಯಲ್ಲಿ 25 ಪಟ್ಟು ಅಂತರವಿದ್ದರೂ ತಾಗಿದ ಕ್ಷಣದಲ್ಲಿ ಕೈಗೆ ಸಿಗುವ ವ್ಯತ್ಯಾಸ ಒಂದೂವರೆ ಡಿಗ್ರಿಯೂ ಇಲ್ಲ. ಲೋಹಗಳನ್ನು ಕೈಯಿಂದ ಮುಟ್ಟಿ ವಾಹಕತೆ ಹೋಲಿಸಲು ಹೋಗಬಾರದು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಡ.

ಇದೇ ಲೆಕ್ಕವನ್ನು ಬಿಸಿಯ ಕಡೆಗೆ ತಿರುಗಿಸಿ. 70 ಡಿಗ್ರಿಯ ಸ್ಟೇನ್‌ಲೆಸ್ ಸ್ಟೀಲ್ ಮುಟ್ಟಿದರೆ ಚರ್ಮದ ಮೇಲ್ಮೈ 65ಕ್ಕೆ ಏರುತ್ತದೆ, ತಕ್ಷಣ ಸುಡುತ್ತದೆ. ಅದೇ 70 ಡಿಗ್ರಿಯ ಮರ ಮುಟ್ಟಿದರೆ 42. ಬಿಸಿಯನ್ನು ನೋವಾಗಿ ಹೇಳುವ ನರದ ಗ್ರಾಹಕ, ಟಿಆರ್‌ಪಿವಿ1, ಎಚ್ಚೆತ್ತುಕೊಳ್ಳುವುದೇ ಸುಮಾರು 43 ಡಿಗ್ರಿಯಲ್ಲಿ. ಒಂದು ಡಿಗ್ರಿಯ ಅಂತರದಲ್ಲಿ ಮರ ನಮ್ಮನ್ನು ಬಿಟ್ಟುಬಿಡುತ್ತದೆ. ಈ ಗ್ರಾಹಕವನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್‌ಗೆ, ಒತ್ತಡದ ಗ್ರಾಹಕಗಳನ್ನು ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್ ಜೊತೆಗೆ, 2021ರ ವೈದ್ಯಕೀಯ ನೊಬೆಲ್ ಬಂತು. ಗಮನಿಸಬೇಕಾದ್ದು: ಆ ನರದ ತುದಿ ಇರುವುದು ಚರ್ಮದ ಒಳಗೆ. ಅದು ಹೊರಗಿನ ವಸ್ತುವನ್ನು ನೋಡಿಯೇ ಇಲ್ಲ. ತನ್ನ ಸುತ್ತಲಿನ ಮಾಂಸ ಎಷ್ಟು ಬಿಸಿಯಾಯಿತು, ಎಷ್ಟು ಬೇಗ ಆಯಿತು ಎಂಬ ವರದಿ ಮಾತ್ರ ಕಳಿಸುತ್ತದೆ. ಒಂದು ಕೈ ಬಿಸಿ ನೀರಿನಲ್ಲಿ, ಇನ್ನೊಂದು ತಣ್ಣೀರಿನಲ್ಲಿ ಇದ್ದು ಬಂದರೆ ಒಂದೇ ನೀರು ಒಂದು ಕೈಗೆ ತಣ್ಣಗೆ, ಇನ್ನೊಂದಕ್ಕೆ ಬೆಚ್ಚಗೆ ಅನ್ನಿಸುತ್ತದೆ ಎಂದು ಜಾನ್ ಲಾಕ್ 1690ರಲ್ಲೇ ಬರೆದಿದ್ದ.

ಈ ಮಾತಿಗೆ ಅತ್ಯಂತ ದೊಡ್ಡ ಸಾಕ್ಷಿ ಅಮೆರಿಕದ ಸ್ಪೇಸ್ ಶಟಲ್ ಎಂಬ ಬಾಹ್ಯಾಕಾಶ ನೌಕೆಯ ಹೊಟ್ಟೆಗೆ, ಭೂಮಿಗೆ ಮರಳುವಾಗ ಸುಡದಂತೆ, ಅಂಟಿಸುತ್ತಿದ್ದ ಸಿಲಿಕಾ ಹೆಂಚು. ಅದರ ಪ್ರಸಿದ್ಧ ಪ್ರಾತ್ಯಕ್ಷಿಕೆಯಲ್ಲಿ ಕುಲುಮೆಯಿಂದ ಕೆಲವೇ ಸೆಕೆಂಡಿನ ಹಿಂದೆ ತೆಗೆದ ಘನಾಕಾರದ ತುಂಡು, ಒಳಗೆ ಕೆಂಡದಂತೆ ಕಿತ್ತಳೆ ಬಣ್ಣಕ್ಕೆ ಹೊಳೆಯುತ್ತಿರುತ್ತದೆ, ಮನುಷ್ಯ ಅದನ್ನು ಬರಿಗೈಯಲ್ಲಿ ಎತ್ತಿ ಹಿಡಿದಿರುತ್ತಾನೆ. ಆದರೆ ಎಲ್ಲಿ ಹಿಡಿದಿದ್ದಾನೆ ನೋಡಿ: ಮೂಲೆಗಳಲ್ಲಿ. ತುಂಡಿನ ಶೇ. 90ಕ್ಕಿಂತ ಹೆಚ್ಚು ಭಾಗ ಖಾಲಿ, ಘನ ಮೀಟರಿಗೆ 144 ಕಿಲೋ ಮಾತ್ರ ತೂಕ. ಮೂಲೆಯಲ್ಲಿರುವ ಒಂದಿಷ್ಟು ಶಾಖ ಕೆಲವೇ ಸೆಕೆಂಡಿನಲ್ಲಿ ವಿಕಿರಣವಾಗಿ ಹೊರಟುಹೋಗುತ್ತದೆ, ಒಳಗಿನ ಶಾಖ ಅಲ್ಲಿಗೆ ಬಂದು ತುಂಬಲು ಆಗುವುದಿಲ್ಲ. ಅದೇ ತುಂಡನ್ನು ಅಂಗೈ ತುಂಬ ಅವುಚಿ ಹಿಡಿದರೆ, ಅಥವಾ ತೆಗೆದ ಕ್ಷಣದಲ್ಲೇ ಹಿಡಿದರೆ, ಕಥೆ ಬೇರೆ. ಸಾವಿರ ಡಿಗ್ರಿಯ ಮೇಲ್ಮೈಗೆ ಎಷ್ಟೇ ಕಡಿಮೆ ಬಲವಿದ್ದರೂ ಚರ್ಮವನ್ನು 90 ಡಿಗ್ರಿಯತ್ತ ಎಳೆಯುತ್ತದೆ. ಇದನ್ನು ಬರೀ "ಅದ್ಭುತ ವಸ್ತು" ಎಂದು ತೋರಿಸುವುದು ನನಗೆ ಸರಿ ಕಾಣುವುದಿಲ್ಲ. ಅದ್ಭುತ ಇರುವುದು ಹಿಡಿದ ಮೂಲೆಯಲ್ಲೂ, ಹಿಡಿಯುವ ಮೊದಲು ಬಿಟ್ಟ ಆ ಕೆಲವು ಸೆಕೆಂಡುಗಳಲ್ಲೂ.

ದಪ್ಪ ದುಪ್ಪಟ್ಟಾದರೆ ಕಾಲ ನಾಲ್ಕು ಪಟ್ಟು

ಶಾಖ ಒಂದು ವಸ್ತುವಿನ ಒಳಗೆ ಎಷ್ಟು ಬೇಗ ಹಬ್ಬುತ್ತದೆ ಎನ್ನುವುದು ಇನ್ನೊಂದು ವಿಷಯ. ಜೋಸೆಫ್ ಫೂರಿಯೇ 1822ರಲ್ಲಿ ಪ್ರಕಟಿಸಿದ ಸಮೀಕರಣದಿಂದ ಕೈಬೆರಳಲ್ಲಿ ಎಣಿಸುವಷ್ಟು ಸುಲಭದ ನಿಯಮ ಒಂದು ಸಿಗುತ್ತದೆ: ಶಾಖ ಮುಟ್ಟಲು ಬೇಕಾದ ಕಾಲ ದೂರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಒಂದು ಸೆಂಟಿಮೀಟರ್ ದಾಟಲು ತಾಮ್ರದಲ್ಲಿ ಒಂದು ಸೆಕೆಂಡಿನ ಆಸುಪಾಸು, ಸ್ಟೇನ್‌ಲೆಸ್ ಸ್ಟೀಲಿನಲ್ಲಿ 25 ಸೆಕೆಂಡು, ಗಾಜಿನಲ್ಲಿ ಮೂರು ನಿಮಿಷದ ಮೇಲೆ, ಮರದಲ್ಲಿ ಹತ್ತು ನಿಮಿಷದ ಮೇಲೆ. ಎರಡು ಸೆಂಟಿಮೀಟರ್ ಎಂದರೆ ಎಲ್ಲವನ್ನೂ ನಾಲ್ಕರಿಂದ ಗುಣಿಸಿ.

ದಪ್ಪ ಗಾಜಿನ ಲೋಟಕ್ಕೆ ಕುದಿ ನೀರು ಸುರಿದರೆ ಬಿರಿಯುವುದು, ತೆಳು ಗಾಜು ತಡೆದುಕೊಳ್ಳುವುದು ಇದೇ ಕಾರಣಕ್ಕೆ. ದಪ್ಪಗಿದ್ದರೆ ಗಟ್ಟಿ ಎಂಬ ನಂಬಿಕೆ ಇಲ್ಲಿ ತಲೆಕೆಳಗು. 2 ಮಿಲಿಮೀಟರ್ ಗಾಜನ್ನು ಶಾಖ 8 ಸೆಕೆಂಡಿನಲ್ಲಿ ದಾಟಿದರೆ 6 ಮಿಲಿಮೀಟರ್ ಗಾಜಿಗೆ 70 ಸೆಕೆಂಡು ಬೇಕು. ಅಷ್ಟು ಹೊತ್ತು ಒಳಮೈ ಹಿಗ್ಗಲು ನೋಡುತ್ತದೆ, ಹೊರಮೈ ತಣ್ಣಗೆ ಕೂತು ಬಿಡುವುದಿಲ್ಲ. ಎಳೆತ ಬೀಳುವುದು ಹೊರಮೈಗೆ, ಬಿರುಕು ಹುಟ್ಟುವುದೂ ಅಲ್ಲೇ. ಬಿಸಿ ಗಾಜಿಗೆ ತಣ್ಣೀರು ಹಾಕುವುದು ಇದಕ್ಕಿಂತ ಕೆಟ್ಟದ್ದು, ಯಾಕೆಂದರೆ ಆಗ ಪೆಟ್ಟು ತಿಂದ ಮೈಗೇ ಎಳೆತವೂ ಬೀಳುತ್ತದೆ. ಬೊರೊಸಿಲಿಕೇಟ್ ಗಾಜು ಉಳಿಯುವುದು ಶಾಖವನ್ನು ಬೇಗ ಸಾಗಿಸುವುದರಿಂದ ಅಲ್ಲ, ಕಡಿಮೆ ಹಿಗ್ಗುವುದರಿಂದ: ಡಿಗ್ರಿಗೆ ದಶಲಕ್ಷದಲ್ಲಿ 3.3 ಭಾಗ, ಸಾಮಾನ್ಯ ಗಾಜು 9 ಭಾಗ.

ಕೂಡುವ ಜಾಗದಲ್ಲಿ ಏನಿದೆ?

ಈಗ ಕೈ ಬಿಟ್ಟು ಎರಡು ಲೋಹಗಳ ನಡುವಿನ ಮುಟ್ಟುವಿಕೆಗೆ ಬರೋಣ. ನನಗೆ ಇಡೀ ವಿಷಯದಲ್ಲಿ ಅತ್ಯಂತ ಇಷ್ಟವಾದ, ಅತ್ಯಂತ ಹೆಚ್ಚು ಕಡೆಗಣಿಸಿದ ಜಾಗ ಇದು. ಚೆನ್ನಾಗಿ ಉಜ್ಜಿದ ಎರಡು ಲೋಹದ ಮೈಗಳನ್ನು ಒತ್ತಿ ಇಟ್ಟರೂ ನಿಜವಾಗಿ ತಾಗುವುದು ಎರಡರ ಮೇಲಿನ ಸೂಕ್ಷ್ಮ ದಿಬ್ಬಗಳು ಮಾತ್ರ, ಕಣ್ಣಿಗೆ ಕಾಣುವ ವಿಸ್ತಾರದ ಬಹಳ ಸಣ್ಣ ಪಾಲು. ಉಳಿದದ್ದೆಲ್ಲ ಗಾಳಿ. ತಾಮ್ರದ ವಾಹಕತೆ 400 ವ್ಯಾಟ್ ಪ್ರತಿ ಮೀಟರ್ ಪ್ರತಿ ಕೆಲ್ವಿನ್, ಗಾಳಿಯದು 0.026. ಹದಿನೈದು ಸಾವಿರ ಪಟ್ಟು ವ್ಯತ್ಯಾಸ!

ಕಂಪ್ಯೂಟರಿನ ಒಂದು ಪ್ರೊಸೆಸರ್ 100 ವ್ಯಾಟ್ ಶಾಖ ಬಿಡುತ್ತದೆ, ಹೀಟ್ ಸಿಂಕ್‌ಗೆ ತಾಗುವ ಮುಖ 10 ಚದರ ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ನಡುವೆ ಸರಾಸರಿ 10 ಮೈಕ್ರಾನ್ ಗಾಳಿ ಇದ್ದರೆ, ಅಂದರೆ ಕೂದಲೆಳೆಯ ಏಳನೇ ಒಂದು ಭಾಗ, ಆ ಗಾಳಿಯೊಂದರಿಂದಲೇ 38 ಡಿಗ್ರಿ ಏರಿಕೆ. ಅಲ್ಲಲ್ಲಿ ತಾಗಿದ ದಿಬ್ಬಗಳು ಇದನ್ನು ಒಂದಿಷ್ಟು ಇಳಿಸುತ್ತವೆ, ಆದರೂ ಪ್ರೊಸೆಸರ್ ಉಸಿರುಗಟ್ಟುತ್ತದೆ. ಅದೇ 10 ಮೈಕ್ರಾನ್‌ನಲ್ಲಿ 4 ವಾಹಕತೆಯ ಥರ್ಮಲ್ ಪೇಸ್ಟ್ (ಸಂದು ತುಂಬಲು ಬಳಿಯುವ ಲೇಪ) ತುಂಬಿದರೆ ಏರಿಕೆ ಕಾಲು ಡಿಗ್ರಿ. ಹಾಗಾದರೆ ಪೇಸ್ಟ್ ಒಳ್ಳೆಯ ವಾಹಕವೇ? ಅಲ್ಲ. ತಾಮ್ರದ ನೂರನೇ ಒಂದು ಭಾಗ. 50 ಮೈಕ್ರಾನ್ ಪೇಸ್ಟ್ ಒಡ್ಡುವ ತಡೆ 5 ಮಿಲಿಮೀಟರ್ ತಾಮ್ರ ಒಡ್ಡುವ ತಡೆಗೆ ಸಮ: ಎರಡೂ ಈ ಪ್ರೊಸೆಸರ್‌ನಲ್ಲಿ 1.25 ಡಿಗ್ರಿ. "ಇನ್ನೂ ಸ್ವಲ್ಪ ಇರಲಿ" ಎಂದು 200 ಮೈಕ್ರಾನ್ ಬಳಿದರೆ 5 ಡಿಗ್ರಿ. ಪೇಸ್ಟಿನ ಕೆಲಸ ಶಾಖ ಸಾಗಿಸುವುದು ಎನ್ನುವುದಕ್ಕಿಂತ ಗಾಳಿಯನ್ನು ಓಡಿಸುವುದು. ಇದು ಮನಸ್ಸಿಗೆ ಹತ್ತಿದವರು ಹೆಚ್ಚು ಬಳಿಯುವುದಿಲ್ಲ.

ಕೆಲಸದ ಕ್ರಮವೂ ಇಲ್ಲಿಂದಲೇ ಬರುತ್ತದೆ. ಹಳೆಯ ಪೇಸ್ಟನ್ನು ನೂಲು ಬಿಡದ ಬಟ್ಟೆಯಿಂದ ಒರೆಸಿ, ಶೇ. 90ಕ್ಕಿಂತ ಹೆಚ್ಚು ಸಾಂದ್ರತೆಯ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಎರಡೂ ಮೈ ತೊಳೆದು, ಪೂರ್ತಿ ಆರಲು ಬಿಡಬೇಕು. ಆಮೇಲೆ ಬೆರಳು ತಾಗಿಸಬಾರದು. ಪ್ರೊಸೆಸರ್ ಚಿಪ್‌ನ ನಟ್ಟನಡುವೆ ನಾಲ್ಕೈದು ಮಿಲಿಮೀಟರ್ ಅಗಲದ ಒಂದು ಹನಿ ಸಾಕು. ಚಿಪ್ ಉದ್ದುದ್ದ ಇದ್ದರೆ ಹನಿಯ ಬದಲು ಒಂದು ಗೆರೆ. ಹೀಟ್ ಸಿಂಕನ್ನು ನೇರವಾಗಿ ಇಳಿಸಬೇಕು. ಒಮ್ಮೆ ಒತ್ತಿ ಮತ್ತೆ ಎತ್ತಿ ನೋಡಿದರೆ ಗಾಳಿಗುಳ್ಳೆ ಒಳಗೆ ಸೇರುತ್ತದೆ, ಆಗ ಒರೆಸಿ ಮೊದಲಿನಿಂದ ಮಾಡುವುದೇ ಲೇಸು. ಸ್ಕ್ರೂಗಳನ್ನು ಎದುರುಬದುರಾಗಿ, ಪ್ರತಿಯೊಂದಕ್ಕೂ ಎರಡು ಮೂರು ಸುತ್ತು ಕೊಡುತ್ತ ಬಿಗಿಯಬೇಕು. ಒಂದು ಮೂಲೆಯನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಪೇಸ್ಟ್ ಬೆಣೆಯಾಕಾರಕ್ಕೆ ನಿಲ್ಲುತ್ತದೆ, ತೆಳುವಾದ ಕಡೆ ತಂಪು, ದಪ್ಪವಾದ ಕಡೆ ಬಿಸಿ. ಹೊಸ ಹೀಟ್ ಸಿಂಕಿನ ತಳದ ಪ್ಲಾಸ್ಟಿಕ್ ಹಾಳೆ ಸುಲಿಯಲು ಮರೆಯುವುದು ತೀರಾ ಸಾಮಾನ್ಯ. ಫ್ಯಾನ್ ಭೋರೆನ್ನುತ್ತದೆ, ಹೀಟ್ ಸಿಂಕ್ ಮುಟ್ಟಿದರೆ ತಣ್ಣಗಿರುತ್ತದೆ, ಪ್ರೊಸೆಸರ್ ಮಾತ್ರ ಕಾದು ನಿಂತುಬಿಡುತ್ತದೆ. ಇಲ್ಲೂ "ಹೀಟ್ ಸಿಂಕ್ ತಣ್ಣಗಿದೆ, ಹಾಗಾದರೆ ಚೆನ್ನಾಗಿ ಕೆಲಸ ಮಾಡುತ್ತಿದೆ" ಎಂದು ಕೈ ತಪ್ಪು ತೀರ್ಪು ಕೊಡುತ್ತದೆ. ಅದು ತಣ್ಣಗಿರುವುದು ಶಾಖ ಅದಕ್ಕೆ ಬಂದೇ ಇಲ್ಲವೆಂದು. ಇನ್ನು ಸರಿಯಾಗಿ ಕೂರಿಸಿದ್ದೂ ವರ್ಷಗಳ ಮೇಲೆ ಕೆಡುತ್ತದೆ: ಬಿಸಿಯಾದಾಗ ಎರಡು ಲೋಹಗಳು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ, ಬಾಗುತ್ತವೆ, ಪ್ರತಿ ಸಲ ಪೇಸ್ಟ್ ಒಂದಿಷ್ಟು ಹೊರಗೆ ತಳ್ಳಿಸಿಕೊಳ್ಳುತ್ತದೆ. ಬಿಚ್ಚಿ ನೋಡಿದರೆ ಅಂಚಿನಲ್ಲಿ ಒಣಗಿದ ದಿಂಡು, ನಡುವೆ ಬೋಳು.

ಒಂಬತ್ತು ಬೋಲ್ಟ್

ಶಾಖ ಸಾಗಿಸುವಾಗ ತೆಳುವಾದ ಗಾಳಿ ಶತ್ರು. ತಡೆಯುವಾಗ ಅದೇ ಗಾಳಿ ಮಿತ್ರ, ಶತ್ರು ಲೋಹದ ಸಣ್ಣ ತುಂಡು. ಶೀತಲ ಕೋಣೆಯ ಗೋಡೆಯಲ್ಲಿ ಎರಡು ಲೋಹದ ಹಾಳೆಗಳ ನಡುವೆ 100 ಮಿಲಿಮೀಟರ್ ಫೋಮ್ ಇದೆ ಎನ್ನಿ, ವಾಹಕತೆ 0.035. ಒಂದು ಚದರ ಮೀಟರಿನಲ್ಲಿ ಪ್ರತಿ ಡಿಗ್ರಿ ಅಂತರಕ್ಕೆ 0.35 ವ್ಯಾಟ್ ಸೋರುತ್ತದೆ. ಈಗ 10 ಮಿಲಿಮೀಟರ್ ವ್ಯಾಸದ ಒಂದು ಸ್ಟೀಲ್ ಬೋಲ್ಟ್ ಆರಪಾರಾಗಿ ಹೋಗಲಿ, ಎರಡೂ ತುದಿ ಹಾಳೆಗಳಿಗೆ ಬಿಗಿಯಾಗಿ ತಾಗಿರಲಿ. ವಾಹಕತೆ 50. ಆ ಒಂದು ಬೋಲ್ಟ್ 0.039 ವ್ಯಾಟ್ ಸಾಗಿಸುತ್ತದೆ. ಒಂಬತ್ತು ಬೋಲ್ಟ್ ಹಾಕಿದರೆ ಇಡೀ ಚದರ ಮೀಟರ್ ಫೋಮ್ ಸೋರುವಷ್ಟೇ ಈ ಒಂಬತ್ತರಲ್ಲೂ ಸೋರುತ್ತದೆ. ಗೋಡೆಯ ಹತ್ತು ಸಾವಿರ ಭಾಗದಲ್ಲಿ ಏಳು ಭಾಗದಷ್ಟು ಜಾಗ, ನಷ್ಟ ದುಪ್ಪಟ್ಟು! ಬೋಲ್ಟ್ ಸ್ಟೇನ್‌ಲೆಸ್ ಸ್ಟೀಲಿನದಾದರೆ ವಾಹಕತೆ 15, ಅಷ್ಟೇ ನಷ್ಟಕ್ಕೆ ಮೂವತ್ತು ಬೋಲ್ಟ್ ಬೇಕಾಗುತ್ತದೆ. ಒಂದು ತುದಿಗೆ ನೈಲಾನ್ ವಾಷರ್, ಬೋಲ್ಟಿನ ಸುತ್ತ ನೈಲಾನ್ ಕೊಳವೆ ಹಾಕಿ ಲೋಹದ ಸರಪಳಿ ಕಡಿದರೆ ಇನ್ನೂ ಒಳ್ಳೆಯದು. ನಷ್ಟಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಹೊರಗಿನ ಬೋಲ್ಟಿನ ತಲೆಯ ಮೇಲೆ ಕೂತ ನೀರಿನ ಹನಿ.

ಆ ಹನಿಯೇ ಮುಂದಿನ ತೊಂದರೆ. ಹೊದಿಕೆ ಎಂದರೆ ನಿಂತ ಗಾಳಿ, ಫೋಮ್ ಅದನ್ನು ನಿಲ್ಲಿಸಿ ಹಿಡಿದಿರುವ ಚೀಲ ಮಾತ್ರ. ಆ ಗಾಳಿಯ ಜಾಗಕ್ಕೆ ನೀರು ಬಂದರೆ ವಾಹಕತೆ 0.6, ಗಾಳಿಯ 23 ಪಟ್ಟು. ಅದು ಹೆಪ್ಪುಗಟ್ಟಿದರೆ 2.2, ಎಂಬತ್ತು ಪಟ್ಟಿಗೂ ಮೇಲೆ. ತಣ್ಣೀರಿನ ಪೈಪಿಗೆ ಕೊಳವೆಯಾಕಾರದ ಫೋಮ್ ಸುತ್ತುವಾಗ ಸೀಳಿದ ಅಂಚಿಗೂ ಎರಡು ತುಂಡು ಕೂಡುವ ಮುಖಕ್ಕೂ ಅಂಟು ಹಚ್ಚಿ, ಕೊನೆಯನ್ನು ಪೈಪಿಗೇ ಅಂಟಿಸಿ ಮುಚ್ಚಬೇಕು. ಬರೀ ಟೇಪ್ ಸುತ್ತಿ ಬಿಟ್ಟರೆ ಸಂದಿನಿಂದ ತೇವದ ಗಾಳಿ ಒಳಗೆ ಹೋಗಿ ಪೈಪಿನ ಮೇಲೆ ನೀರಾಗುತ್ತದೆ, ಒಳಗೊಳಗೇ ಹರಿದು ಎಲ್ಲೋ ತಗ್ಗಿನಲ್ಲಿ ತೊಟ್ಟಿಕ್ಕುತ್ತದೆ. ಜನ ಆ ತಗ್ಗಿನಲ್ಲಿ ತೂತು ಹುಡುಕುತ್ತಾರೆ. ತೇವ ತಡೆಯುವ ಹಾಳೆ ಯಾವಾಗಲೂ ಬಿಸಿಯ ಕಡೆಗಿರಬೇಕು, ತಣ್ಣೀರಿನ ಪೈಪಿನಲ್ಲಿ ಅದು ಹೊರಗಿನ ಮೈ.

ಉಪಕರಣಕ್ಕೂ ಕೈಯ ರೋಗ

ಕೈ ನಂಬಬಾರದು, ಅಳೆಯಬೇಕು ಎನ್ನುತ್ತೇವೆ. ಸರಿ. ಆದರೆ ಥರ್ಮಾಮೀಟರ್ ಹೇಳುವುದೂ ತನ್ನ ತುದಿಯ ತಾಪಮಾನವನ್ನೇ. ಬಿಸಿ ಲೋಹದ ಮೇಲೆ ಥರ್ಮೊಕಪಲ್ (ಎರಡು ಬೇರೆ ಲೋಹದ ತಂತಿಗಳ ತುದಿ ಬೆಸೆದು ಮಾಡಿದ ತಾಪಮಾಪಕ) ತುದಿಯನ್ನು ಟೇಪಿನಿಂದ ಅಂಟಿಸಿ ತಂತಿಯನ್ನು ನೇರ ಮೇಲಕ್ಕೆ ಎಳೆದರೆ ಆ ತಂತಿಯೇ ಶಾಖವನ್ನು ಹೀರಿ ಗಾಳಿಗೆ ಬಿಡುತ್ತದೆ, ತುದಿ ಮೇಲ್ಮೈಗಿಂತ ಹಲವು ಡಿಗ್ರಿ ಕೆಳಗೆ ನಿಲ್ಲುತ್ತದೆ. ತಪ್ಪಿಸುವ ದಾರಿ: ತೆಳು ತಂತಿ ಬಳಸುವುದು (36 ಗೇಜ್ ಎಂದರೆ 0.127 ಮಿಲಿಮೀಟರ್), ತುದಿಯ ಕೆಳಗೆ ಒಂದಿಷ್ಟು ಥರ್ಮಲ್ ಪೇಸ್ಟ್ ಹಾಕುವುದು, ತಂತಿಯನ್ನು ತುದಿಯಿಂದ ಎರಡು ಮೂರು ಸೆಂಟಿಮೀಟರ್ ಮೇಲ್ಮೈಗೇ ಅಂಟಿಕೊಂಡು ಓಡಿಸಿ ಆಮೇಲೆ ಎತ್ತುವುದು. ಆಗ ತಂತಿ ಕದಿಯುವ ಶಾಖ ಆ ಓಟದಲ್ಲೇ ಭರ್ತಿಯಾಗುತ್ತದೆ, ತುದಿಗೆ ತಟ್ಟುವುದಿಲ್ಲ. ಟಿ ಮಾದರಿಯ ಥರ್ಮೊಕಪಲ್‌ನ ಒಂದು ಎಳೆ ತಾಮ್ರ, ಆದ್ದರಿಂದ ಸಣ್ಣ ಬಿಡಿಭಾಗಗಳ ಮೇಲೆ ಕೆ ಮಾದರಿಯೇ ಮೇಲು. ದ್ರವದಲ್ಲಿ ಮುಳುಗಿಸುವ ಕೊಳವೆಯಾದರೆ ವ್ಯಾಸದ ಹತ್ತು ಪಟ್ಟಾದರೂ ಆಳಕ್ಕೆ ಇಳಿಯಬೇಕು. 6 ಮಿಲಿಮೀಟರ್ ಕೊಳವೆಯನ್ನು 2 ಸೆಂಟಿಮೀಟರ್ ಅದ್ದಿ ಓದಿದ ಸಂಖ್ಯೆ ಅರ್ಧ ದ್ರವದ್ದು, ಅರ್ಧ ಗಾಳಿಯದ್ದು.

ಮುಟ್ಟದೆ ಅಳೆಯುವ ಇನ್‌ಫ್ರಾರೆಡ್ ಗನ್‌ಗೆ ಬೇರೆ ತೊಂದರೆ. ಅದು ಮೇಲ್ಮೈಯಿಂದ ಬರುವ ವಿಕಿರಣ ನೋಡಿ, ವಿಕಿರಣವನ್ನು ಸಾಧ್ಯವಾದಷ್ಟೂ ಬಿಡುವ ಆದರ್ಶ "ಕಪ್ಪು ವಸ್ತು" ಬಿಡುವುದರ ಶೇ. 95ರಷ್ಟನ್ನು ಈ ಮೇಲ್ಮೈ ಬಿಡುತ್ತಿದೆ ಎಂದು ಮೊದಲೇ ನಂಬಿ ಲೆಕ್ಕ ಹಾಕುತ್ತದೆ. ಹೊಳೆಯುವ ಅಲ್ಯೂಮಿನಿಯಂ ಬಿಡುವುದು ಅಂಥ ವಸ್ತು ಬಿಡುವುದರ ಶೇ. 5ರ ಆಸುಪಾಸು, ಉಳಿದದ್ದು ಎದುರಿನ ಗೋಡೆಯ ಪ್ರತಿಬಿಂಬ. 100 ಡಿಗ್ರಿಯ ಹೊಳೆಯುವ ತಟ್ಟೆಗೆ ಗುರಿ ಹಿಡಿದರೆ ಗನ್ ಕೋಣೆಯ ತಾಪಮಾನದ ಹತ್ತಿರ ಏನೋ ಒಂದನ್ನು ಹೇಳುತ್ತದೆ, ನಂಬಿ ಕೈ ಇಟ್ಟರೆ ಸುಡುತ್ತದೆ. ಒಂದು ತುಂಡು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ, ಒಂದೆರಡು ನಿಮಿಷ ಬಿಟ್ಟು, ಟೇಪಿಗೆ ಗುರಿ ಹಿಡಿಯಬೇಕು. ಆ ಟೇಪ್ 80 ಡಿಗ್ರಿಯ ಮೇಲೆ ಬಾಳುವುದು ಕಷ್ಟ, ಅದಕ್ಕಿಂತ ಬಿಸಿಯಾದರೆ ಶಾಖ ತಡೆಯುವ ಮಂಕು ಕಪ್ಪು ಬಣ್ಣದ ಚುಕ್ಕೆ ಹಚ್ಚಬೇಕು. ಗನ್ ಮೇಲೆ 12:1 ಎಂದಿದ್ದರೆ 60 ಸೆಂಟಿಮೀಟರ್ ದೂರದಿಂದ ಅದು 5 ಸೆಂಟಿಮೀಟರ್ ಅಗಲದ ವೃತ್ತ ನೋಡುತ್ತದೆ. ಕೆಂಪು ಚುಕ್ಕೆ ದಾರಿ ತೋರಿಸಲು ಮಾತ್ರ, ಅಳೆಯುವುದು ಅದಲ್ಲ.

ಬಾಗಿಲಿಗೆ ಮರಳಿದರೆ, ಈ ಎಚ್ಚರಗಳನ್ನೆಲ್ಲ ಇಟ್ಟುಕೊಂಡು ಮಾಡಬಹುದಾದ ಒಂದು ಕೆಲಸವಿದೆ. ಮರದ ಮೇಲೆ ಒಂದು ತೆಳು ಥರ್ಮೊಕಪಲ್, ದಪ್ಪ ಸ್ಟೀಲ್ ಹಿಡಿಕೆಯ ಮೇಲೆ ಇನ್ನೊಂದು. ಎರಡೂ 20 ತೋರಿಸುತ್ತಿರಲಿ. ಈಗ ಅವುಗಳ ಮೇಲೆಯೇ ಕೈ ಇಡಿ. ಹಿಡಿಕೆಯ ಸಂಖ್ಯೆ 22ರತ್ತ ಹೋಗಿ ತಡವರಿಸುತ್ತದೆ, ಆಮೇಲೆ ನಿಧಾನವಾಗಿ ತೆವಳುತ್ತದೆ. ಮರದ ಸಂಖ್ಯೆ ನೋಡನೋಡುತ್ತಿದ್ದಂತೆ 30ರ ಹತ್ತಿರಕ್ಕೆ ಹಾರುತ್ತದೆ. ಥರ್ಮಲ್ ಕ್ಯಾಮೆರಾ ಇದ್ದರೆ ಇನ್ನೂ ಚೆಂದ: ಮರದ ಮೇಲೆ ಕೈ ಒತ್ತಿ ತೆಗೆದರೆ ಐದು ಬೆರಳಿನ ಗುರುತು ಬೆಳಕಾಗಿ ಉಳಿಯುತ್ತದೆ, ಅಂಚಿನಿಂದ ಮಸುಕಾಗುತ್ತ ಹೋಗುತ್ತದೆ. ಪಕ್ಕದಲ್ಲಿ ಬಣ್ಣ ಬಳಿದ ದಪ್ಪ ಲೋಹದ ತಟ್ಟೆಯ ಮೇಲೆ ಅಷ್ಟೇ ಹೊತ್ತು ಒತ್ತಿ ತೆಗೆದರೆ ಕ್ಯಾಮೆರಾ ತಿರುಗಿಸುವಷ್ಟರಲ್ಲಿ ಅಲ್ಲಿ ಕೈ ಇಟ್ಟಿದ್ದ ಸುಳಿವೂ ಇರುವುದಿಲ್ಲ.